ಅಪ್ಪನ ಸೊಂಟದ ಅಳತೆ

"ಇವರು ಯಾವಾಗಿಂದ ಹೀಗೆ ಇಳಿದುಹೋಗ್ತಾ ಬಂದ್ರು?" ಎಂದು ಡಾಕ್ಟರಮ್ಮ ಕೇಳಿದ್ದೇ ತಡ, ಮೂವರೂ ಒಟ್ಟಿಗೇ ಬಾಯಿ ತೆರೆದರು. "ಈ ಬೇಸಿಗೇಲಿ, ಇದೊಂದೇ ತಿಂಗಳಲ್ಲಿ" ಎಂದಳು ಅಮ್ಮ. "ಹೋದ ವಾರದಿಂದ" ಎಂದ ಅಣ್ಣ. ಬಾಬಿನ್ ಬಾಯಿ ತೆರೆದದ್ದಷ್ಟೇ ಬಂತು, ಮಾತು ಹೊರಡಲಿಲ್ಲ.

ಬಾಬಿನ್ ಎಂಬುದು ಅಪ್ಪ ಇಟ್ಟ ಅಡ್ಡಹೆಸರು. ಹೊಲಿಗೆ ಮಿಷನ್ನಿನ ಹೊಟ್ಟೆಯೊಳಗೆ ಕೂತು ಗರಗರ ತಿರುಗುವ ದಾರದ ಪುಟ್ಟ ಚಕ್ರವನ್ನು ಅವಳು ಕೂಸಾಗಿದ್ದಾಗ ನುಂಗಲು ಹೋಗಿದ್ದಳಂತೆ. ಅವತ್ತು ಅಂಟಿಕೊಂಡ ಹೆಸರು ನಲವತ್ತರ ಹತ್ತಿರ ಬಂದರೂ ಬಿಟ್ಟಿಲ್ಲ. ಅವಳೂ ಬಿಡಿಸಿಕೊಳ್ಳಲು ಹೋಗಿಲ್ಲ, ಬೆಳಗಾದರೆ ಆ ಮಿಷನ್ನಿನ ಮುಂದೆಯೇ ಅವಳ ಬಾಳು. ಮುಂದಿನ ಕೋಣೆ ಅಂಗಡಿ, ಹಿಂದಿನ ಎರಡು ಕೋಣೆ ಮನೆ. ಅಪ್ಪ ಅಳತೆ ತೆಗೆದು ಕತ್ತರಿಸುತ್ತಾನೆ, ಗಿರಾಕಿಗಳ ಬಾಯಲ್ಲಿ ಅವನು ಮಾಸ್ಟರ್. ಬಾಬಿನ್ ಮಿಷನ್ ಮೇಲೆ ಹೊಲಿಯುತ್ತಾಳೆ. ಅಮ್ಮ ಕಾಜಾ ಮಾಡಿ ಗುಂಡಿ ಹಾಕುತ್ತಾಳೆ, ಕೈಹೊಲಿಗೆಯೆಲ್ಲ ಅವಳದೇ. ಅಣ್ಣ ಇಸ್ತ್ರಿ ಹಾಕಿ, ಮಡಿಸಿ, ಕಟ್ಟು ಕಟ್ಟಿ ತಲುಪಿಸಿ ಬರುತ್ತಾನೆ. ಒಂದು ಬಟ್ಟೆ ನಾಲ್ಕು ಜನರ ಕೈ ದಾಟಿ ಹೊರಗೆ ಹೋಗುತ್ತದೆ. ಅದನ್ನು ಪೂರ್ತಿಯಾಗಿ ನೋಡುವವರು ತೊಟ್ಟುಕೊಂಡವರು ಮಾತ್ರ.

ಡಾಕ್ಟರಮ್ಮ ಮೂವರ ಮುಖವನ್ನೂ ಒಂದೊಂದಾಗಿ ನೋಡಿದರು. ವಯಸ್ಸಾದ ಹೆಂಗಸು. ಮಾತಿಗೆ ಬೆಣ್ಣೆ ಸವರುವ ಅಭ್ಯಾಸ ಅವರಿಗಿರಲಿಲ್ಲ.

"ಹೊಟ್ಟೇಲಿ ಗಂಟಿದೆ. ಅಷ್ಟು ಗೊತ್ತಾಗಿದೆ. ಗೊತ್ತಾಗದೆ ಇರೋದು ಅದರ ವೇಗ. ಒಂದೇ ತಿಂಗಳಲ್ಲಿ ಇಷ್ಟು ಇಳಿಸಿದ್ರೆ ಅದು ಓಡ್ತಾ ಇದೆ ಅಂತ. ಆಗ ಈ ವಯಸ್ಸಲ್ಲಿ ಅವರ ಹೊಟ್ಟೆ ಕೊಯ್ದು ನೋವು ಕೊಡೋಕೆ ನನಗೆ ಮನಸ್ಸಿಲ್ಲ. ಆರೇಳು ತಿಂಗಳಿಂದ ಸ್ವಲ್ಪಸ್ವಲ್ಪ ಇಳೀತಾ ಬಂದಿದ್ರೆ ಅದು ನಿಧಾನಕ್ಕೆ ಬೆಳೀತಾ ಇದೆ. ಆಗ ಆಪರೇಷನ್ ಮಾಡಬಹುದು. ಉಳಿಸ್ಕೊಳ್ಳೋ ದಾರಿ ಇದೆ."

ಅಮ್ಮ ಉಸಿರನ್ನೂ ಎಳೆದುಕೊಳ್ಳಲಿಲ್ಲ. "ಹಾಗಾದ್ರೆ ಒಂದು ವರ್ಷದಿಂದ ಡಾಕ್ಟ್ರೇ" ಎಂದಳು.

ಬೇರೆಯವರಾಗಿದ್ದರೆ ನಕ್ಕುಬಿಡುತ್ತಿದ್ದರೋ ಏನೋ. ಡಾಕ್ಟರಮ್ಮ ನಗಲಿಲ್ಲ. "ಮೊದಲೇ ಹೇಳಿಬಿಟ್ಟು ನಾನೇ ತಪ್ಪು ಮಾಡಿದೆ ಅಮ್ಮ. ಇನ್ನು ನೀವು ಬಾಯಲ್ಲಿ ಏನು ಹೇಳಿದ್ರೂ ನನಗೆ ಉಪಯೋಗಕ್ಕೆ ಬರಲ್ಲ. ಎಲ್ಲಾದ್ರೂ ತೂಕ ನೋಡಿಸಿದ್ದು ಇದೆಯಾ? ಹೋಗಲಿ, ಒಂದು ಫೋಟೋ?"

ತೂಕ ನೋಡಿಸಲು ಅಪ್ಪ ಆಸ್ಪತ್ರೆಯ ಮೆಟ್ಟಿಲು ಹತ್ತಿದವನೇ ಅಲ್ಲ. ಅವನನ್ನು ಇಲ್ಲಿಗೆ ಕರೆತಂದದ್ದೂ ಅವನು ಕತ್ತರಿ ಹಿಡಿದುಕೊಂಡೇ ಕುಸಿದುಬಿದ್ದ ಮೇಲೆ. ಫೋಟೋ ಎಂದಾಗ ಅಣ್ಣ ಉತ್ಸಾಹದಿಂದ ಮೊಬೈಲ್ ತೆಗೆದ. ಬೆರಳಿನಿಂದ ತಳ್ಳಿದ, ತಳ್ಳಿದ, ತಳ್ಳುತ್ತಲೇ ಹೋದ. ಅದರ ತುಂಬ ಕಾಲರುಗಳು, ಜೇಬುಗಳು, ಯಾವುದೋ ಶಾಲೆಯ ತೋಳಪಟ್ಟಿ. ಮನುಷ್ಯರ ತಲೆ ಒಂದೂ ಇರಲಿಲ್ಲ.

"ಬಟ್ಟೆ ಸಡಿಲ ಆಗ್ಲಿಲ್ವಾ? ಎಲ್ಲರ ಮನೇಲೂ ಮೊದಲು ಅದೇ ಕಣ್ಣಿಗೆ ಬೀಳೋದು."

"ನಮ್ಮ ಮನೇಲಿ ಯಾರ ಬಟ್ಟೇನೂ ಸಡಿಲ ಆಗಲ್ಲ ಡಾಕ್ಟ್ರೇ" ಎಂದಳು ಅಮ್ಮ, ಆ ಗಳಿಗೆಯಲ್ಲೂ ಕೊಂಚ ಸೆಟೆದು. "ನಾವು ಟೈಲರ್‌ಗಳು."

ಡಾಕ್ಟರಮ್ಮ ಪೆನ್ನಿನ ಮುಚ್ಚಳ ಹಾಕಿದರು. "ನಾಳೆ ಬೆಳಿಗ್ಗೆ ನಾನು ತೀರ್ಮಾನ ಮಾಡಬೇಕು. ಅಲ್ಲೀವರೆಗೆ ಕೂತು ನೆನಪು ಮಾಡ್ಕೊಳ್ಳಿ. ನನಗೆ ಇಷ್ಟ ಆಗೋ ಉತ್ತರ ಬೇಡ, ನಿಜವಾದ್ದು ಬೇಕು."

ಹೊರಗೆ ಬಂದಾಗ ಅಪ್ಪನನ್ನು ವಾರ್ಡಿನ ಮೂಲೆಯ ಮಂಚಕ್ಕೆ ಹಾಕಿದ್ದರು. ಅವನ ಬಟ್ಟೆ ಬಿಚ್ಚಿ ಆಸ್ಪತ್ರೆಯ ತಿಳಿನೀಲಿ ಅಂಗಿ, ಪಾಯಜಾಮ ತೊಡಿಸಿದ್ದರು. ಅಂಗಿಯ ಕತ್ತಿನೊಳಗೆ ಇನ್ನೊಂದು ಕತ್ತಿಗೆ ಜಾಗವಿತ್ತು. ಭುಜದ ಹೊಲಿಗೆ ಮೊಣಕೈಗೆ ಹತ್ತಿರ ಇಳಿದಿತ್ತು. ಬಾಬಿನ್ ಕಾಲು ಅಲ್ಲೇ ನಿಂತಿತು. ಇವನು ಯಾವಾಗ ಇಷ್ಟು ಸಣ್ಣಗಾದ? ಬೆಳಿಗ್ಗೆ ಅಂಗಡಿಯಲ್ಲಿ ನಿಂತಿದ್ದವನು ಬೇರೆ, ಇಲ್ಲಿ ಮಲಗಿರುವವನು ಬೇರೆ ಎನ್ನಿಸಿತು. ತಮ್ಮ ಮನೆಯಲ್ಲಿ ಹೊಲಿಯದ ಬಟ್ಟೆಯಲ್ಲಿ ಅಪ್ಪನನ್ನು ಅವಳು ನೋಡುತ್ತಿದ್ದದ್ದು ಇದೇ ಮೊದಲು.

"ತೋಳು ನೋಡು" ಎಂದ ಅಪ್ಪ ಸಣ್ಣ ದನಿಯಲ್ಲಿ, ಅಂಗಿಯ ತೋಳನ್ನು ಎತ್ತಿ ಹಿಡಿದು. "ಬಲದ್ದನ್ನ ಎಡಕ್ಕೆ ಹಾಕಿದಾನೆ. ಕಣ್ಣು ಮುಚ್ಕೊಂಡು ಹೊಲಿದಿದಾನೆ, ಪುಣ್ಯಾತ್ಮ."

ನರ್ಸು ಅವನ ಬಟ್ಟೆಯ ಚೀಲವನ್ನು ಬಾಬಿನ್ ಕೈಗೆ ಕೊಟ್ಟು, ಚೊಂಬು, ಟವೆಲ್ಲು, ಒಂದು ದಿಂಬು ತರಲು ಹೇಳಿದಳು. ಅಮ್ಮ ಅಪ್ಪನ ಹತ್ತಿರ ಕೂತಳು. ಅಣ್ಣ ಔಷಧಿ ತರಲು ಹೋದ. ಬಾಬಿನ್ ಮಧ್ಯಾಹ್ನದ ಬಿಸಿಲಲ್ಲಿ ಮನೆಯ ಕಡೆ ನಡೆದಳು. ದಾರಿಯುದ್ದಕ್ಕೂ ತಲೆಯೊಳಗೆ ಒಂದೇ ಮಾತು: ಯಾವಾಗಿಂದ?

ಆ ತಿಂಗಳನ್ನು ಮೊದಲಿನಿಂದ ನೆನಪಿಸಿಕೊಳ್ಳಲು ಹೊರಟಳು. ಹೊರಟದ್ದೇ ಸರಿ, ದಿನಗಳು ಒಂದಕ್ಕೊಂದು ಅಂಟಿಕೊಂಡು ಬಂದವು. ಬಿಡಿಸಲು ಹೋದರೆ ಯಾವುದು ಸೋಮವಾರ ಯಾವುದು ಶನಿವಾರ ಎಂದು ಗುರುತು ಸಿಗಲಿಲ್ಲ. ಶಾಲೆಗಳು ತೆರೆಯುವ ಮುಂಚಿನ ಆ ತಿಂಗಳಿಗೆ ಅವರ ಮನೆಯಲ್ಲಿ ಬೇಸಿಗೆ ಎಂದು ಯಾರೂ ಕರೆಯುವುದಿಲ್ಲ, ಸೀಸನ್ ಎನ್ನುತ್ತಾರೆ. ಊರಿನ ಮಕ್ಕಳೆಲ್ಲ ಮನೆಯಲ್ಲಿ ಕೂತು ಮೈ ಬೆಳೆಸಿಕೊಳ್ಳುತ್ತಾರೆ, ಇವರು ಹಗಲಿಡೀ ಕೂತು ಆ ಮೈಗಳಿಗೆ ಯೂನಿಫಾರ್ಮ್ ಹೊಲಿಯುತ್ತಾರೆ. ಶಾಲೆಯವರಿಗೇನು, ಹೋದ ವರ್ಷದ ಬಣ್ಣ ಈ ವರ್ಷ ಹಿಡಿಸುವುದಿಲ್ಲ. ಸಾಯುವುದು ದರ್ಜಿಯ ಬೆನ್ನು.

ಅವಳಿಗೆ ನೆನಪಿದ್ದದ್ದು ಸೆಕೆ. ಅರ್ಧ ಇಳಿಸಿದ ಶಟರಿನ ಕೆಳಗಿಂದ ನೆಲದ ಮೇಲೆ ಚೂಪಾಗಿ ಬೀಳುತ್ತಿದ್ದ ಬಿಸಿಲು. ಕಿಟಕಿಗೆ ಕಟ್ಟಿದ ಒದ್ದೆ ಬಟ್ಟೆ ಗಂಟೆಯೊಳಗೆ ಒಣಗಿ ಹಪ್ಪಳವಾಗುತ್ತಿದ್ದದ್ದು. ಅಪ್ಪ ಬಟ್ಟೆ ಹರಡಿ ಕತ್ತರಿಸುವಾಗ ಫ್ಯಾನ್ ಹಾಕುವಂತಿಲ್ಲ, ಬಟ್ಟೆ ಹಾರುತ್ತದೆ. ಬಾಬಿನ್ ಹೊಲಿಯುವಾಗ ಫ್ಯಾನ್ ಬೇಕೇ ಬೇಕು, ಬೆವರು ಬಿದ್ದರೆ ಬಟ್ಟೆಗೆ ಕಲೆ. ಈ ಫ್ಯಾನಿನ ಸಲುವಾಗಿ ಅಪ್ಪ ಮಗಳು ದಿನಕ್ಕೆ ಹತ್ತು ಸಲ ಜಗಳವಾಡಿದ್ದರು. ಸ್ವಿಚ್ಚಿನ ಹತ್ತಿರ ಕೂತ ಅಮ್ಮ ಒಮ್ಮೆ ಇವಳ ಮಾತಿಗೆ ಹಾಕುವುದು, ಇನ್ನೊಮ್ಮೆ ಅವನ ಮಾತಿಗೆ ಆರಿಸುವುದು. "ನಾನು ಕಾಜಾ ಮಾಡ್ಲಾ, ನಿಮ್ಮ ಗಾಳಿ ಹಂಚ್ಲಾ?" ಎಂದು ಸಿಡುಕುತ್ತಿದ್ದಳು.

ಅಪ್ಪ ಹೇಗಿದ್ದ ಆಗ? ಇದ್ದ. ಅಷ್ಟೇ. ಕತ್ತರಿಸುವ ಮೇಜಿನ ಆಚೆ ಕುತ್ತಿಗೆಗೆ ಟೇಪು ಹಾಕಿಕೊಂಡು ನಿಂತಿದ್ದ. ಮಧ್ಯಾಹ್ನ ತಟ್ಟೆಯಲ್ಲಿ ಅರ್ಧ ಬಿಡುತ್ತಿದ್ದ. ಆದರೆ ಆ ಸೆಕೆಯಲ್ಲಿ ಯಾರು ತಾನೇ ಪೂರ್ತಿ ಉಣ್ಣುತ್ತಿದ್ದರು? ಅವಳೂ ಅರ್ಧ ಬಿಡುತ್ತಿದ್ದಳು. ನಡುನಡುವೆ ಬಟ್ಟೆಯ ಕಟ್ಟಿನ ಮೇಲೆ ಕೂತು ಕಣ್ಣು ಮುಚ್ಚುತ್ತಿದ್ದ. ಅಣ್ಣನಂತೂ ಇಸ್ತ್ರಿ ಪೆಟ್ಟಿಗೆ ಹಿಡಿದುಕೊಂಡೇ ತೂಕಡಿಸುತ್ತಿದ್ದ. ಅಪ್ಪನಿಗೆ ಸಿಟ್ಟು ಬೇಗ ಬರುತ್ತಿತ್ತು, ಅದು ಯಾವಾಗ ಬೇಗ ಬಂದಿರಲಿಲ್ಲ? ಒಂದೊಂದು ಗುರುತನ್ನು ಎತ್ತಿಕೊಂಡು ಇದು ಕಾಯಿಲೆಯದೋ ಬೇಸಿಗೆಯದೋ ಎಂದು ನೋಡಿದಳು. ಎಲ್ಲವೂ ಎರಡಕ್ಕೂ ಸರಿಹೊಂದುತ್ತಿದ್ದವು. ನೆನಪು ಹೆಚ್ಚಿದಷ್ಟೂ ಗೋಜಲು ಹೆಚ್ಚಾಯಿತು.

ಒಬ್ಬನೇ ಒಬ್ಬ ಮನುಷ್ಯ ಆ ಮಾತನ್ನು ಬಾಯಿಬಿಟ್ಟು ಹೇಳಿದ್ದ. ಕಡುಗೆಂಪು ಯೂನಿಫಾರ್ಮಿನ ಶಾಲೆಯ ಡ್ರಿಲ್ ಮಾಸ್ತರು, ವರ್ಷಕ್ಕೊಮ್ಮೆ ಕಟ್ಟು ಎಣಿಸಿ ಒಯ್ಯಲು ಬರುವವರು. ಶಟರ್ ದಾಟಿ ಒಳಗೆ ಬಂದವರೇ, "ಏನ್ರೀ ಮಾಸ್ಟರ್, ಅರ್ಧ ಆಳು ಎಲ್ಲಿ ಹೋಯ್ತು?" ಎಂದಿದ್ದರು. "ನಿಮ್ಮ ಶಾಲೆ ತಿಂದುಹಾಕ್ತು" ಎಂದಿದ್ದ ಅಪ್ಪ. ಎಲ್ಲರೂ ನಕ್ಕಿದ್ದರು. ಬಾಬಿನ್ ಕೂಡ ನಕ್ಕಿದ್ದಳು, ಮಿಷನ್ ನಿಲ್ಲಿಸದೆ. ಅದಾಗಿ ಮೂರನೆಯ ದಿನ ಅಪ್ಪ ಬಿದ್ದ.

ಮನೆಗೆ ಬಂದು ಶಟರ್ ಎತ್ತಿದಳು. ಕತ್ತರಿಸುವ ಮೇಜಿನ ಮೇಲೆ ಬೆಳಿಗ್ಗೆ ಅಪ್ಪ ಅರ್ಧ ಕತ್ತರಿಸಿದ ಬಟ್ಟೆ ಹಾಗೇ ಬಿದ್ದಿತ್ತು. ಗೆರೆ ನೇರವಾಗಿ ಬಂದು, ಒಂದು ಕಡೆ ಓರೆಯಾಗಿ ಹೊರಗೆ ಓಡಿತ್ತು. ಅವಳು ಅದನ್ನು ನೋಡಲಾರದೆ ಮಡಿಸಿಟ್ಟಳು. ಚೊಂಬು, ದಿಂಬು, ಟವೆಲ್ಲು ಒಂದೆಡೆ ಇಟ್ಟು, ಒಗೆಯಲೆಂದು ಆಸ್ಪತ್ರೆಯ ಚೀಲದಿಂದ ಅಪ್ಪನ ಪ್ಯಾಂಟು ತೆಗೆದಳು. ಬೂದು ಬಣ್ಣದ, ಹತ್ತು ಜನ್ಮದ ಹಳೆಯ ಪ್ಯಾಂಟು. ಅಂಥವು ಎರಡಿವೆ, ಒಂದನ್ನು ಒಗೆದರೆ ಇನ್ನೊಂದನ್ನು ಹಾಕುತ್ತಾನೆ. ಅಂಗಿಯನ್ನು ಯಾವಾಗಲೂ ದೊಗಲೆಯಾಗಿ, ಹೊರಗೆ ಬಿಟ್ಟೇ ತೊಡುವವನು. ಒಗೆಯುವ ಮುಂಚೆ ಬಟ್ಟೆಯನ್ನು ಒಳಮೈ ಹೊರಗೆ ಮಾಡುವುದು ಅವಳ ಕೈಗೆ ಅಂಟಿದ ಅಭ್ಯಾಸ. ಮಾಡಿದಳು. ಸೊಂಟದ ಹಿಂದೆ ಏನೋ ದಪ್ಪಗೆ ಕೈಗೆ ಸಿಕ್ಕಿತು.

ಹಿಂದಿನ ನಡುಹೊಲಿಗೆಯ ಒಳಗೆ ಬಟ್ಟೆ ಗಂಟುಗಂಟಾಗಿ ನಿಂತಿತ್ತು. ಬಾಗಿಲ ಬೆಳಕಿಗೆ ಹಿಡಿದಳು. ಸೊಂಟವನ್ನು ಒಂದು ಸಲ ಅಲ್ಲ, ಮತ್ತೆ ಮತ್ತೆ ಒಳಕ್ಕೆ ಹಿಡಿದು ಹೊಲಿದಿದ್ದರು. ಹಳೆಯ ಹೊಲಿಗೆ ಬಿಚ್ಚದೆ, ಅದರ ಪಕ್ಕದಲ್ಲೇ ಹೊಸದು, ಅದರ ಪಕ್ಕದಲ್ಲಿ ಇನ್ನೊಂದು. ಎಲ್ಲಕ್ಕಿಂತ ಒಳಗಿನದು ಕಡುಗೆಂಪು. ಅದರ ಪಕ್ಕ ಹಸಿರು. ಅದರ ಪಕ್ಕ ನೀಲಿ.

ಬಾಬಿನ್ ಅಲ್ಲೇ ಸ್ಟೂಲಿನ ಮೇಲೆ ಕೂತಳು. ಆ ಬಣ್ಣಗಳು ಅವಳಿಗೆ ಗೊತ್ತಿರದೆ ಇನ್ಯಾರಿಗೆ ಗೊತ್ತಿರಬೇಕು? ಸೀಸನ್ ಶುರುವಾದಾಗ ನೀಲಿ ಶಾಲೆಯ ಕೆಲಸ, ಮಿಷನ್ ಮೇಲೆ ನೀಲಿ ದಾರ. ಆಮೇಲೆ ಹಸಿರು. ಕೊನೆಗೆ ಕಡುಗೆಂಪು. ಮೂರೂ ಮಿಷನ್ ಹೊಲಿಗೆ, ಆ ಮನೆಯಲ್ಲಿ ಮಿಷನ್ ತುಳಿಯುವವಳು ಅವಳೊಬ್ಬಳೇ. ಅಂದರೆ ಒಂದೇ ತಿಂಗಳಲ್ಲಿ ಮೂರು ಸಲ ತನ್ನ ಅಪ್ಪನ ಸೊಂಟವನ್ನು ಅವಳೇ ಕಿರಿದು ಮಾಡಿದ್ದಳು. ಮಾಡಿದ್ದು ಒಂದು ಸಲವೂ ನೆನಪಿರಲಿಲ್ಲ.

ಹೇಗಾಯಿತೆಂದು ಮಾತ್ರ ಊಹಿಸಬಲ್ಲಳು. ಮಿಷನ್ನಿನ ಪಕ್ಕ ಆಲ್ಟ್ರೇಷನ್ ಬುಟ್ಟಿ ಇದೆ. ಎಲ್ಲಿ ಬಿಗಿ ಮಾಡಬೇಕೋ ಅಲ್ಲಿ ಸೀಮೆಸುಣ್ಣದ ಗೆರೆ ಎಳೆದು ಅಪ್ಪ ಬಟ್ಟೆಯನ್ನು ಅದರೊಳಗೆ ಎಸೆಯುತ್ತಾನೆ. ಅವಳು ಎತ್ತಿಕೊಂಡು ಗೆರೆಯ ಮೇಲೆ ಹೊಲಿದು ಆಚೆ ಎಸೆಯುತ್ತಾಳೆ. "ಗುರುತು ನೋಡು, ಗಿರಾಕೀನ ನೋಡಬೇಡ" ಎಂದು ಅವನೇ ಕಲಿಸಿದ್ದು. ಗಿರಾಕಿಯ ಹೊಟ್ಟೆ, ಬೆನ್ನು ನೋಡುತ್ತ ಕೂತರೆ ಕೆಲಸ ಸಾಗುವುದಿಲ್ಲ ಎಂದು ಅವನ ಲೆಕ್ಕ. ಬುಟ್ಟಿಗೆ ಅವನ ಪ್ಯಾಂಟೂ ಬಿದ್ದಿರಬೇಕು. ಅವಳು ಗುರುತು ನೋಡಿದಳು.

ಆದರೆ ಅಲ್ಲೂ ಸಮಾಧಾನವಿರಲಿಲ್ಲ. ಗಿರಾಕಿಯ ಬೂದು ಪ್ಯಾಂಟಿಗೆ ಕೆಂಪು ದಾರ ಹಾಕುವ ಎದೆಗಾರಿಕೆ ಅವಳಿಗಿಲ್ಲ. ಒಂದು ಇಂಚು ಹೊಲಿಯಬೇಕಾದರೂ ದಾರ ಬದಲಾಯಿಸುತ್ತಾಳೆ. ಮನೆಯವರ ಬಟ್ಟೆಗೆ ಮಾತ್ರ ಮಿಷನ್ ಮೇಲೆ ಯಾವುದಿದೆಯೋ ಅದೇ ದಾರ. ಹಾಗಿದ್ದರೆ ಆ ಗಳಿಗೆಯಲ್ಲಿ ಅದು ಅಪ್ಪನದೆಂದು ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ಗೊತ್ತಾಗದೆ ಹೋಗುವುದು ಎಂದರೇನು? "ಅಪ್ಪಾ, ಇದು ನಿಂದಲ್ವಾ?" ಎಂದು ಕೇಳಿದಂತೆ, "ಒಗೆದೂ ಒಗೆದೂ ಹಿಗ್ಗಿದೆ ಕಣೇ" ಎಂದು ಅವನು ಹೇಳಿದಂತೆ ಒಂದು ನೆನಪು ಬಂತು. ಅದು ನಿಜಕ್ಕೂ ನಡೆದದ್ದೋ, ಈಗ ಸ್ಟೂಲಿನ ಮೇಲೆ ಕೂತು ತಾನೇ ಕಟ್ಟಿಕೊಳ್ಳುತ್ತಿರುವುದೋ ಅವಳಿಗೆ ತಿಳಿಯಲಿಲ್ಲ. ಹಾಗೇನಾದರೂ ಅವನು ಹೇಳಿದ್ದರೆ, ಒಗೆದ ಬಟ್ಟೆ ಹಿಗ್ಗುವುದನ್ನು ಯಾವ ದರ್ಜಿಯ ಮಗಳು ನಂಬುತ್ತಾಳೆ? ನಂಬಿದ್ದಳೋ ಏನೋ, ಸೀಸನ್ನಿನಲ್ಲಿ ಏನು ಹೇಳಿದರೂ ನಂಬಬಹುದು.

ಎದೆಯಲ್ಲಿ ಬೇರೆಯದೇ ಭಯ ಎದ್ದದ್ದು ಆಮೇಲೆ. ನೀಲಿ, ಹಸಿರು, ಕೆಂಪು, ಮೂರೂ ಇದೇ ತಿಂಗಳವು. ಒಂದು ತಿಂಗಳಲ್ಲಿ ಮೂರು ಸಲ ಇಳಿದಿದ್ದಾನೆ ಎಂದರೆ ಅದು ಓಡುತ್ತಿದೆ. ಡಾಕ್ಟರಮ್ಮ ನಿಜ ಬೇಕು ಎಂದಿದ್ದರು, ಇಗೋ ನಿಜ. ಈ ಪ್ಯಾಂಟನ್ನು ನೀರಿಗೆ ಹಾಕಿ, ಬಿಚ್ಚಿ, ಎಳೆ ಎಳೆಯಾಗಿ ಎಸೆದುಬಿಡಲೇ ಎನ್ನಿಸಿತು. ಇದನ್ನು ತೋರಿಸಿದರೆ ಅಪ್ಪನಿಗಿರುವ ದಾರಿಯನ್ನು ತನ್ನ ಕೈಯಾರೆ ಮುಚ್ಚಿದಂತೆ. ತೋರಿಸದಿದ್ದರೆ ಸುಮ್ಮನೆ ಅವನ ಹೊಟ್ಟೆ ಕೊಯ್ಯಿಸಿದಂತೆ.

ಆ ಗಂಟನ್ನು ಇನ್ನಷ್ಟು ಬಿಡಿಸಿದಳು. ನೀಲಿಯ ಆಚೆ ಇನ್ನೂ ಬಟ್ಟೆಯಿತ್ತು. ಅಂಗಡಿಯಲ್ಲಿ ಹಾಗೆ ಬಿಡುವುದಿಲ್ಲ, ಸೊಂಟ ಹಿಡಿದ ಮೇಲೆ ಹೆಚ್ಚಿನದನ್ನು ಕತ್ತರಿಸಿ ತೆಗೆಯುತ್ತಾರೆ, ಇಲ್ಲವಾದರೆ ಕೂತಾಗ ಚುಚ್ಚುತ್ತದೆ. ಇದರ ಮೇಲೆ ಕೊನೆಯ ಸಲದ ಸೀಮೆಸುಣ್ಣದ ಸಣ್ಣ ಅಡ್ಡಗುರುತು ಇನ್ನೂ ಮಸುಕಾಗಿ ಉಳಿದಿತ್ತು. ಅಪ್ಪನ ಭಾಷೆಯಲ್ಲಿ ಅದರ ಅರ್ಥ, ಕತ್ತರಿಸಬೇಡ. ಆ ಉಳಿದ ಬಟ್ಟೆಯ ಅಂಚಿನಲ್ಲಿ, ಮೊಟ್ಟಮೊದಲಿನ ಮೂಲ ಹೊಲಿಗೆಯ ಪಕ್ಕದಲ್ಲಿ, ಇನ್ನೂ ಒಂದು ಸಾಲು ಕಂಡಿತು.

ಅದು ಮಿಷನ್ ಹೊಲಿಗೆಯಲ್ಲ, ಕೈಹೊಲಿಗೆ. ದಾರ ಹೊಳೆಯುವ ಕಂದು ಬಣ್ಣದ್ದು. ಟಾಕು ಒಂದೊಂದೂ ಎಡಕ್ಕೆ ವಾಲಿತ್ತು. ಆ ಮನೆಯಲ್ಲಿ ಎಡಗೈಯಲ್ಲಿ ಹೊಲಿಯುವವಳು ಅಮ್ಮ ಒಬ್ಬಳೇ. ಆ ದಾರವೂ ಬಾಬಿನ್‌ಗೆ ಗೊತ್ತು. ಚಳಿ ಶುರುವಾದಾಗ ಕಾವಲುಗಾರರ ಕೋಟುಗಳು ಬಂದಿದ್ದವು, ಅವುಗಳ ಒಳಪದರಕ್ಕೆಂದು ತಂದ ದಾರ. ಜಾರುವ ದಾರ, ಗಂಟು ನಿಲ್ಲುವುದಿಲ್ಲ ಎಂದು ಅಮ್ಮ ಅದಕ್ಕೆ ಹಿಡಿಶಾಪ ಹಾಕಿದ್ದಳು. ಕೋಟು ಮುಗಿಯುವ ಮೊದಲೇ ದಾರ ಮುಗಿದಿತ್ತು. ಮತ್ತೆ ಅದನ್ನು ಅವರು ತರಲೇ ಇಲ್ಲ.

ಚಳಿಗಾಲ. ಹಾಗಾದರೆ ಬೇಸಿಗೆಯದಲ್ಲ. ಇಡೀ ತಿಂಗಳನ್ನು ಅವಳು ಸುಮ್ಮನೆ ಜಾಲಾಡಿದ್ದಳು.

ಚೊಂಬು, ದಿಂಬುಗಳ ಜೊತೆ ಪ್ಯಾಂಟನ್ನೂ ತುಂಬಿಕೊಂಡು ಬಂದವಳನ್ನು ವಾರ್ಡಿನ ಹೊರಗಿನ ಬೆಂಚಿನ ಮೇಲೆ ಕೂತಿದ್ದ ಅಮ್ಮ, ಅಣ್ಣ ಎದುರುಗೊಂಡರು. "ಒಗೀದೆ ತಂದಿದ್ದೀಯಲ್ಲೇ" ಎಂದಳು ಅಮ್ಮ ಮೊದಲು. ಬಾಬಿನ್ ಪ್ಯಾಂಟಿನ ಒಳಮೈಯನ್ನು ಅವಳ ತೊಡೆಯ ಮೇಲೆ ಹರಡಿದಳು.

ಅಣ್ಣ ಬಗ್ಗಿ ನೋಡಿದ. "ಇದೇನಾ ಅದು! ಇಸ್ತ್ರಿ ಹಾಕುವಾಗ ಹಿಂದುಗಡೆ ದಪ್ಪ ಅನ್ನಿಸ್ತಿತ್ತು."

"ಅನ್ನಿಸಿದ್ದಕ್ಕೆ ಏನು ಮಾಡಿದೆ?" ಎಂದಳು ಬಾಬಿನ್.

"ಇನ್ನೂ ಜೋರಾಗಿ ಒತ್ತಿದೆ" ಎಂದ ಅವನು. ಹೇಳಿದ ಮೇಲೆ ಅದು ಎಂಥ ಮಾತೆಂದು ಅವನಿಗೇ ಹೊಳೆದಿರಬೇಕು, ಗೋಡೆಯ ಕಡೆ ತಿರುಗಿಕೊಂಡ.

ಬಾಬಿನ್ ಮೂರು ಬಣ್ಣಗಳನ್ನು ತೋರಿಸಿ ಇವು ತನ್ನವು ಎಂದಳು. ಕಂದು ಸಾಲಿಗೆ ಬೆರಳು ತಂದು, "ಇದು ನಿಂದು" ಎಂದಳು.

"ನಂದಲ್ಲ" ಎಂದಳು ಅಮ್ಮ ಥಟ್ಟನೆ. "ನಾನು ಯಾವಾಗ ಹೊಲಿದೆ? ನಾನು ಹೊಲಿದಿದ್ರೆ ನನಗೆ ಗೊತ್ತಿರಲ್ವಾ? ಗಂಡನ ಮೈ ಇಳೀತಾ ಇರೋದು ಹೆಂಡತಿಗೆ ಗೊತ್ತಾಗಲ್ವಾ?"

"ಎಡಕ್ಕೆ ವಾಲಿದೆ ನೋಡಮ್ಮ."

ಅಮ್ಮ ನೋಡಿದಳು. ಕನ್ನಡಕವನ್ನು ಮೂಗಿನ ಮೇಲೆ ಸರಿಮಾಡಿಕೊಂಡು, ಆ ಸಾಲಿನ ಮೇಲೆ ಉಗುರಿನಿಂದ ಒಂದು ಸಲ ಸವರಿದಳು. ಅವಳ ಬಿಗಿದ ಮುಖ ನಿಧಾನವಾಗಿ ಸಡಿಲವಾಯಿತು. ಬಾಬಿನ್ ಅಮ್ಮನ ಮುಖವನ್ನು ಅಷ್ಟು ಗಲಿಬಿಲಿಯಲ್ಲಿ ಎಂದೂ ಕಂಡಿರಲಿಲ್ಲ.

"ಹಾಕ್ಕೊಂಡೇ ನಿಂತಿದ್ರು" ಎಂದಳು ಕೊನೆಗೆ. "ಕೋಟಿನ ಕೆಲಸ ಮಾಡ್ತಾ ಕೂತಿದ್ದೆ. ಬಂದು ಬೆನ್ನು ತೋರಿಸಿ ನಿಂತ್ರು, ಸ್ವಲ್ಪ ಹಿಡಿದುಬಿಡು, ಜಾರ್ತಾ ಇದೆ ಅಂತ. ಬಿಚ್ಚಿ ಕೊಡಿ ಅಂದೆ. ಬೇಡ, ಹಾಗೇ ಹಾಕು ಅಂದ್ರು. ಸೂಜೀಲಿ ಯಾವ ದಾರ ಇತ್ತೋ ಅದರಲ್ಲೇ ಹಾಕಿದೆ." ಪ್ಯಾಂಟನ್ನು ತೊಡೆಯ ಮೇಲೆ ಸವರಿ ನೇರ ಮಾಡಿದಳು. "ನಿಂತ್ಕೊಂಡು ಏನೋ ಹೇಳ್ತಾ ಇದ್ರು. ನನ್ನ ಬಾಯಲ್ಲಿ ದಾರ ಇತ್ತು. ಹೂಂ, ಹೂಂ ಅಂದೆ."

"ಏನು ಹೇಳ್ತಿದ್ರು?"

"ಗೊತ್ತಿಲ್ಲ ಕಣೇ. ದಾರ ಜಾರ್ತಾ ಇತ್ತು. ನನ್ನ ಗಮನ ಎಲ್ಲಾ ಅದರ ಮೇಲೆ."

ಮರುದಿನ ಬೆಳಿಗ್ಗೆ ಡಾಕ್ಟರಮ್ಮನ ಮೇಜಿನ ಮೇಲೆ, ವರದಿ ಕಾಗದಗಳನ್ನು ಅತ್ತ ಸರಿಸಿ, ಪ್ಯಾಂಟನ್ನು ಹರಡಿದರು. ಆ ಮೇಜು ಅಂಥದ್ದನ್ನು ಕಂಡಿರಲಿಕ್ಕಿಲ್ಲ. ಬಾಬಿನ್ ದಾರಗಳ ಕಥೆಯನ್ನು ಹಿಂದುಮುಂದಾಗಿ ಹೇಳಿದಳು, ತೊದಲಿದಳು, ಮತ್ತೆ ಮೊದಲಿನಿಂದ ಹೇಳಿದಳು. ಡಾಕ್ಟರಮ್ಮ ಅಡ್ಡ ಮಾತಾಡಲಿಲ್ಲ. ಟೇಪು ಕೇಳಿ ತೆಗೆದುಕೊಂಡು, ಮೂಲ ಹೊಲಿಗೆಯಿಂದ ಕಂದು ಸಾಲಿನವರೆಗೆ ಅಳೆದರು. ಅಲ್ಲಿಂದ ನೀಲಿಯವರೆಗೆ ಅಳೆದರು. ಆ ಎರಡನೆಯ ಜಾಗವೇ ಎಲ್ಲಕ್ಕಿಂತ ಅಗಲವಾಗಿತ್ತು. ನೀಲಿ, ಹಸಿರು, ಕೆಂಪು ಒಂದಕ್ಕೊಂದು ಒತ್ತಿಕೊಂಡೇ ಇದ್ದವು.

"ನೀಲಿ ಹಾಕೋ ಹೊತ್ತಿಗೇ ಹೆಚ್ಚುಕಮ್ಮಿ ಇಷ್ಟು ಇಳಿದಿದ್ರು ಹಾಗಾದ್ರೆ. ಓಡ್ತಾ ಇರೋದಲ್ಲ ಇದು" ಎಂದರು ತಮ್ಮಷ್ಟಕ್ಕೆ. "ಈ ಕಂದು ದಾರ ಯಾರು ಹಾಕಿದ್ದು?"

ಬಾಬಿನ್ ಅಮ್ಮನ ಕಡೆ ನೋಡಲಿಲ್ಲ. ಡಾಕ್ಟರಮ್ಮನ ಪ್ರಶ್ನೆಯ ಹಿಂದಿರುವ ಇನ್ನೊಂದು ಪ್ರಶ್ನೆ ಅಲ್ಲಿದ್ದ ಎಲ್ಲರಿಗೂ ಕೇಳಿಸಿತ್ತು: ಅಷ್ಟು ತಿಂಗಳಿಂದ ನಿಮಗೆ ಕಾಣಲಿಲ್ಲವೇ? ಮನೆಯವರು ಎಷ್ಟು ಹೆಚ್ಚು ದಿನ ಕುರುಡರಾಗಿದ್ದರೋ ಅಪ್ಪನಿಗೆ ಅಷ್ಟು ಒಳ್ಳೆಯದು ಎನ್ನುವ ಸ್ಥಿತಿ. ಇದಕ್ಕೆ ಸಂತೋಷಪಡಬೇಕೋ ನಾಚಿಕೆಪಡಬೇಕೋ ಅವಳಿಗೆ ಬಗೆಹರಿಯಲಿಲ್ಲ.

"ನಾನೇ" ಎಂದಳು ಅಮ್ಮ. ಹಿಂದಿನ ದಿನದ ಸೆಟೆತ ದನಿಯಲ್ಲಿ ಇರಲಿಲ್ಲ. "ಚಳಿಗಾಲದಲ್ಲಿ. ನನ್ನ ಕೈಯಾರೆ ಹಾಕಿದೀನಿ. ನೋಡಲಿಲ್ಲ."

ಡಾಕ್ಟರಮ್ಮ ಟೇಪನ್ನು ಸುತ್ತಿ ಅಮ್ಮನ ಕೈಗೇ ಕೊಟ್ಟರು. "ನಾಳಿದ್ದು ಆಪರೇಷನ್ ಮಾಡೋಣ. ಮಾತು ಕೊಡ್ತಾ ಇಲ್ಲ. ಆದ್ರೆ ಮಾಡೋಣ" ಎಂದರು. ಅಣ್ಣ ಅಲ್ಲೇ ಕಣ್ಣೊರೆಸಿಕೊಂಡ. ಅಮ್ಮ ಪ್ಯಾಂಟನ್ನು ಮಡಿಸಿದಳು, ಕಾಲಿಗೆ ಕಾಲು ಕೂಡಿಸಿ, ಅಂಗಡಿಯಲ್ಲಿ ಗಿರಾಕಿಗೆ ಕೊಡುವ ಹಾಗೆ.

ವಾರ್ಡಿನಲ್ಲಿ ಅಪ್ಪ ದಿಂಬಿಗೆ ಒರಗಿ ಕೂತಿದ್ದ. ಅಣ್ಣ ಆಪರೇಷನ್ನಿನ ವಿಷಯ ಹೇಳಿದ. ಅಪ್ಪ ತಲೆಯಾಡಿಸಿದ, ಅದೇನು ದೊಡ್ಡ ಸುದ್ದಿಯಲ್ಲ ಎನ್ನುವ ಹಾಗೆ. ಅವನ ಕಣ್ಣು ಅಮ್ಮನ ಕೈಯಲ್ಲಿದ್ದ ಪ್ಯಾಂಟಿನ ಮೇಲಿತ್ತು. ಕೈ ಚಾಚಿ ಇಸಿದುಕೊಂಡು ಒಳಮೈ ತಿರುಗಿಸಿದ.

"ಬೂದು ಬಟ್ಟೆಗೆ ಕೆಂಪು ದಾರ" ಎಂದ ಬಾಬಿನ್ ಕಡೆ ನೋಡಿ. "ಇದನ್ನ ಡಾಕ್ಟ್ರಿಗೆ ತೋರಿಸಿದ್ರಾ? ಮಾನ ಹೋಯ್ತಲ್ಲೇ ನಂದು."

"ನೀನ್ಯಾಕಪ್ಪ ಹೇಳಲಿಲ್ಲ?" ಎಂದಳು ಬಾಬಿನ್. ತಡೆದುಕೊಳ್ಳಬೇಕೆಂದಿದ್ದಳು, ಆಗಲಿಲ್ಲ. "ಗುರುತು ಹಾಕಿ ಹಾಕಿ ಬುಟ್ಟಿಗೆ ಎಸೀತಿದ್ದೆ. ಒಂದು ಮಾತು ಹೇಳೋಕೆ ಏನಾಗಿತ್ತು?"

ಅಪ್ಪ ಕೆಂಪು ದಾರವನ್ನು ಉಗುರಿನಿಂದ ಕೀಳಲು ನೋಡಿದ. ಉತ್ತರ ಅವನಿಗಾದರೂ ಗೊತ್ತಿತ್ತೋ ಇಲ್ಲವೋ. ಸೀಸನ್ ಮುಗಿಯಲಿ ಎಂದುಕೊಂಡಿದ್ದನೋ, ಹೆದರಿದ್ದನೋ, ಅಥವಾ ಅವನೂ ಬೇಸಿಗೆಯೆಂದೇ ತಿಳಿದಿದ್ದನೋ, ಆ ಮುಖ ನೋಡಿ ಬಾಬಿನ್‌ಗೆ ಏನೂ ಅರ್ಥವಾಗಲಿಲ್ಲ.

ಅಮ್ಮ ಮಂಚದ ಅಂಚಿನಲ್ಲಿ ಕೂತಳು. "ರೀ, ಚಳಿಗಾಲದಲ್ಲಿ ನಾನು ಇದನ್ನ ಹಾಕೋವಾಗ ನಿಂತ್ಕೊಂಡು ಏನೋ ಹೇಳ್ತಿದ್ರಿ. ಏನದು?"

"ಅವತ್ತಾ?" ಅಪ್ಪ ಕಂದು ಸಾಲಿನ ಮೇಲೆ ಹೆಬ್ಬೆರಳು ಇಟ್ಟ. ಅವನಿಗೆ ನೆನಪು ಮಾಡಿಕೊಳ್ಳುವ ಕಷ್ಟವೇ ಬೀಳಲಿಲ್ಲ. "ಹೊಟ್ಟೆಯೊಳಗೆ ಏನೋ ಗಟ್ಟಿಯಾಗಿ ಸಿಗ್ತಾ ಇದೆ ಕಣೇ, ಒಂದ್ಸಲ ತೋರಿಸೋಣ್ವಾ ಅಂದೆ. ಹೂಂ ಅಂದೆ ನೀನು. ಆಮೇಲೆ, ಒಳಗಿನ ಬಟ್ಟೆ ಕತ್ತರಿಸಬೇಡ, ಮತ್ತೆ ದಪ್ಪ ಆದ್ರೆ ಬೇಕಾಗುತ್ತೆ ಅಂದೆ. ಅದಕ್ಕೂ ನೀನು ಹೂಂ ಅಂದೆ."

ಪಕ್ಕದ ಮಂಚದವರ ಕೆಮ್ಮು ಒಂದು ಸಲ ಬಂದು ನಿಂತಿತು. ಆಮೇಲೆ ಅಮ್ಮ ಅವನ ಕೈಯಿಂದ ಪ್ಯಾಂಟನ್ನು ಮೆಲ್ಲನೆ ತೆಗೆದುಕೊಂಡು, ಒಳಗೆ ಉಳಿದಿದ್ದ ಆ ಅಗಲವಾದ ಬಟ್ಟೆಯನ್ನು ಎರಡು ಬೆರಳಲ್ಲಿ ಹಿಡಿದು ಅವನಿಗೆ ತೋರಿಸಿದಳು.

"ಬಟ್ಟೇದು ಕೇಳಿಸಿತ್ತು ರೀ" ಎಂದಳು. "ಕತ್ತರಿಸಿಲ್ಲ."